ವಾರವೋ ಪಾಯಿಂಟೋ: ಟೈಮ್‌ಶೇರ್ ಬದಲಿಸುವ ಮೊದಲು ಹಾಕಿದ ಲೆಕ್ಕ

ನಮ್ಮ ಕುಟುಂಬದಲ್ಲಿ ಮೂರು ಟೈಮ್‌ಶೇರ್ ವಾರಗಳಿವೆ, ಅಂದರೆ ವರ್ಷಕ್ಕೊಂದು ವಾರ ರೆಸಾರ್ಟಿನಲ್ಲಿ ತಂಗಲು ದುಡ್ಡು ಕೊಟ್ಟು ಕೊಂಡ ಹಕ್ಕು. ಊಟಿಯಲ್ಲಿ ಮೇ ತಿಂಗಳದ್ದೊಂದು, ಅಲ್ಲೇ ಜುಲೈಯದ್ದೊಂದು, ದುಬೈಯಲ್ಲಿರುವ ತಮ್ಮನ ಹೆಸರಿನಲ್ಲಿ ಮತ್ತೊಂದು ಮೇ ವಾರ. ಮೂರನ್ನೂ ಪಾಯಿಂಟ್‌ಗೆ (ವಾರದ ಬದಲು ವರ್ಷಕ್ಕೆ ಇಷ್ಟೆಂದು ಸಿಗುವ, ಬೇಕಾದ ದಿನಗಳ ಕೋಣೆಗೆ ಖರ್ಚು ಮಾಡುವ ಅಂಕ) ಬದಲಿಸಿಕೊಳ್ಳಿ ಎಂಬ ಆಫರ್ ಬಂದಾಗ ತಮ್ಮನದ್ದನ್ನು ಮಾತ್ರ ಬದಲಿಸಿದೆವು, ಉಳಿದೆರಡನ್ನು ಹಾಗೇ ಬಿಟ್ಟೆವು. ಒಂದೇ ಆಫರಿಗೆ ಎರಡು ಉತ್ತರ ಯಾಕೆ ಬಂತೆಂಬುದನ್ನು ಅಂಕಿ ಸಮೇತ ಬರೆಯುತ್ತಿದ್ದೇನೆ. ಅಡಿಕೆ ತೋಟ ಇಲ್ಲಿ, ಮಕ್ಕಳು ಗಲ್ಫಿನಲ್ಲಿ ಎಂಬ ಮನೆಗಳು ಕಾಸರಗೋಡಿನಲ್ಲಿ ಬಹಳ. ಅಂಥವರಿಗೆ ಇದು ನೇರವಾಗಿ ಹೊಂದುತ್ತದೆ.

ಮೊದಲು ಕಾಗದ. ಹಳೆಯ ಸರ್ಟಿಫಿಕೇಟ್ ತೆಗೆದು ಐದು ಸಂಗತಿ ಬರೆದಿಟ್ಟುಕೊಂಡೆ: ವಾರ ನಿಗದಿತವೋ ತೇಲುವುದೋ (ಅಂದರೆ ಪ್ರತಿ ವರ್ಷವೂ ಅದೇ ನಂಬರಿನ ವಾರವೋ, ಸೀಸನ್ನಿನೊಳಗೆ ಯಾವುದಾದರೂ ಆಗುತ್ತದೋ), ಸೀಸನ್ನಿನ ಬಣ್ಣ, ಕೋಣೆಯ ಗಾತ್ರ, ಅವಧಿ ಮುಗಿಯುವ ವರ್ಷ, ವಾರ್ಷಿಕ ಶುಲ್ಕ ಏರಿಸುವ ಷರತ್ತು. ನಮ್ಮ ವಾರವನ್ನು ಬೇರೆ ಊರಿನ ವಾರಕ್ಕೆ ಬದಲಿಸಿಕೊಡುವ ವಿನಿಮಯ ಸಂಸ್ಥೆ ಆರ್‌ಸಿಐ. ಅದರ ಲೆಕ್ಕದಲ್ಲಿ ಕೆಂಪು ಬೇಡಿಕೆಯ ಕಾಲ, ಬಿಳಿ ಮಧ್ಯಮ, ನೀಲಿ ಕಡಿಮೆ. ನಮ್ಮ ದೇಶದ ಕೆಲವು ಕ್ಲಬ್‌ಗಳಲ್ಲಿ ಕೆಂಪಿನ ಮೇಲೆ ನೇರಳೆಯೂ ಇದೆ. ಬಣ್ಣದ ಹೆಸರು ನಂಬಿ ಕೂರಬೇಡಿ, ಯಾವ ನಂಬರಿನ ವಾರಗಳು ಅದರಲ್ಲಿ ಸೇರಿವೆ ಎಂದು ನೋಡಿ. ಅವಧಿಯ ಸಾಲು ಇನ್ನೂ ಮುಖ್ಯ. ಪಾಯಿಂಟ್‌ಗೆ ಬದಲಿಸುವುದೆಂದರೆ ಹೆಚ್ಚಾಗಿ ಹೊಸ ಕರಾರಿಗೆ ಸಹಿ ಹಾಕುವುದು. ಹಳೆಯದರಲ್ಲಿ ಉಳಿದ ವರ್ಷಗಳು ಹೊಸದರಲ್ಲೂ ಅಷ್ಟೇ ಇವೆಯೇ, ಮೂಲ ರೆಸಾರ್ಟಿನ ಮೇಲಿನ ಹಕ್ಕು ಉಳಿಯುತ್ತದೆಯೇ ಎಂಬುದನ್ನು ಸೇಲ್ಸ್‌ನವರು ಬಾಯಲ್ಲಿ ಹೇಳಿದರೆ ಸಾಲದು, ಕರಾರಿನ ಪುಟದಲ್ಲಿ ಬೆರಳಿಟ್ಟು ತೋರಿಸಬೇಕು.

ಸರ್ಟಿಫಿಕೇಟ್ ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದರೆ ಬದಲಾವಣೆಯ ಮಾತು ಆಮೇಲೆ. ಮರಣ ಪ್ರಮಾಣಪತ್ರ, ತಾಲೂಕು ಆಫೀಸಿನಿಂದ ವಾರಸುದಾರರ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ, ಇಷ್ಟು ಆಗಿ ಹೆಸರು ವರ್ಗವಾಗಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆಫರಿನ ಕೊನೆಯ ದಿನಾಂಕ ನೋಡಿ ಗಾಬರಿಯಾಗುವ ಅಗತ್ಯವಿಲ್ಲ, ಅಂಥ ಆಫರ್ ಮತ್ತೆ ಬರುತ್ತದೆ.

ಎರಡನೆಯದು ಕ್ಯಾಲೆಂಡರ್. ಇಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ. ಕೇರಳದ ಶಾಲೆಗಳಿಗೆ ಏಪ್ರಿಲ್, ಮೇ ಎರಡು ತಿಂಗಳು ರಜೆ, ಆಮೇಲೆ ಓಣಂಗೆ, ಕ್ರಿಸ್‌ಮಸ್‌ಗೆ. ಪುತ್ತೂರು, ಮಂಗಳೂರಿನ ನೆಂಟರ ಮಕ್ಕಳಿಗೆ ಬೇಸಿಗೆ ಬಿಟ್ಟರೆ ದಸರಾ. ಎರಡೂ ಕಡೆಯವರು ಕೂಡುವುದು ಏಪ್ರಿಲ್ ನಡುವಿನಿಂದ ಮೇ ಕೊನೆಯ ತನಕ. ತೋಟದ ಲೆಕ್ಕಕ್ಕೂ ಅದೇ ಸರಿ: ಕೊಯ್ಲು ಮುಗಿದಿರುತ್ತದೆ, ಮಹಾಳಿಗೆ (ಅಡಿಕೆಯ ಕೊಳೆರೋಗಕ್ಕೆ) ಮದ್ದು ಬಿಡುವ ಮೊದಲ ಸುತ್ತಿಗೆ ಇನ್ನೂ ಸ್ವಲ್ಪ ಸಮಯ ಇರುತ್ತದೆ. ಹಾಗಾಗಿ ನಮಗೆ ಮೇ ವಾರ ಅಂದರೆ ನಿಜವಾಗಿ ಬಳಕೆಯಾಗುವ ವಾರ. ಜುಲೈಯದ್ದು ಆಗದು. ಮೊದಲ ಮದ್ದು ಬಿಟ್ಟು ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು ಬಿಡಬೇಕು, ಮಳೆ ಬಿಟ್ಟು ಬಿಸಿಲು ಕಂಡ ದಿನ ಆಳು ಸಿಗಬೇಕು, ಆಗ ಯಜಮಾನ ಊಟಿಯಲ್ಲಿದ್ದರೆ ನಡೆಯುವುದಿಲ್ಲ.

ಓಣಂ ರಜೆಗೆ ನಿಗದಿತ ವಾರ ಇಟ್ಟುಕೊಳ್ಳುವುದು ವ್ಯರ್ಥ. ತಿರುವೋಣಂ 2024ರಲ್ಲಿ ಸೆಪ್ಟೆಂಬರ್ 15, 2025ರಲ್ಲಿ ಸೆಪ್ಟೆಂಬರ್ 5, 2026ರಲ್ಲಿ ಆಗಸ್ಟ್ 26. ವಾರದ ನಂಬರ್ ಅಲ್ಲೇ ನಿಂತಿರುತ್ತದೆ, ಹಬ್ಬ ಓಡಾಡುತ್ತದೆ. ಹಬ್ಬದ ರಜೆಗೇ ಹೋಗುವವರಿಗೆ ಪಾಯಿಂಟ್ ಹೆಚ್ಚು ಅನುಕೂಲ ಎಂಬುದನ್ನು ಒಪ್ಪಲೇಬೇಕು.

ಈಗ ಲೆಕ್ಕ. ಅಂಕಿಗಳನ್ನು ವಿವರಿಸಲು ಸುಲಭವಾಗುವಂತೆ ದುಂಡಗೆ ಮಾಡಿದ್ದೇನೆ, ನಿಮ್ಮ ಬಿಲ್ಲಿನ ಅಂಕಿ ಹಾಕಿ ಮತ್ತೆ ಕೂಡಿಸಿ. ವಾರ್ಷಿಕ ಶುಲ್ಕ 18,000, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 21,240. ವಾರವನ್ನು ಸ್ವಂತ ರೆಸಾರ್ಟಿನಲ್ಲೇ ಕಳೆದರೆ ಏಳು ರಾತ್ರಿಗೆ ಇಷ್ಟೇ, ರಾತ್ರಿಗೆ 3,034 ರೂಪಾಯಿ. ಬೇರೆ ಊರಿಗೆ ವಿನಿಮಯ ಮಾಡಿದರೆ ವಿನಿಮಯ ಸಂಸ್ಥೆಯ ಸದಸ್ಯತ್ವ 4,000, ವಿನಿಮಯ ಶುಲ್ಕ 9,000 ಸೇರಿ 34,240, ರಾತ್ರಿಗೆ 4,891.

ಪಾಯಿಂಟ್ ಪಕ್ಕದಲ್ಲಿ ಬದಲಾವಣೆ ಶುಲ್ಕ ಒಂದೂವರೆ ಲಕ್ಷ, ಕರಾರಿನಲ್ಲಿ ಉಳಿದದ್ದು ಹನ್ನೆರಡು ವರ್ಷ ಎಂದಿಟ್ಟುಕೊಳ್ಳಿ. ಒಂದೂವರೆ ಲಕ್ಷವನ್ನು ಹನ್ನೆರಡರಿಂದ ಭಾಗಿಸಿ 12,500 ಎಂದು ಬರೆದುಬಿಡುವುದು ಸೇಲ್ಸ್‌ನವರ ಲೆಕ್ಕ. ಅದೇ ದುಡ್ಡು ಬ್ಯಾಂಕಿನಲ್ಲಿದ್ದರೆ ಶೇ. 7ರ ಬಡ್ಡಿ ಬರುತ್ತಿತ್ತಲ್ಲ, ಅದನ್ನು ಸೇರಿಸಿದರೆ ವರ್ಷಕ್ಕೆ 18,885 ಬೀಳುತ್ತದೆ. ವಾರ್ಷಿಕ ಶುಲ್ಕ 21,240, ಪಾಯಿಂಟ್ ಸದಸ್ಯತ್ವ 5,000, ಎಲ್ಲ ಕೂಡಿ 45,125. ಸಿಗುವ ಪಾಯಿಂಟ್ 60,000. ಅಂದರೆ ಒಂದು ಪಾಯಿಂಟಿಗೆ 75 ಪೈಸೆ. ಕಡಿಮೆ ಸೀಸನ್ನಿನ ಮೂರು ರಾತ್ರಿಗೆ 12,000 ಪಾಯಿಂಟ್ ಹಿಡಿಯುತ್ತದೆ, ಪ್ರತಿ ಬುಕಿಂಗಿಗೆ 3,000 ಶುಲ್ಕ.

ವರ್ಷಕ್ಕೆ ಎರಡು ಸಲ ಮಾತ್ರ ಹೋದರೆ ಆರು ರಾತ್ರಿಗೆ 51,125, ರಾತ್ರಿಗೆ 8,521. ಮೂರು ಸಲಕ್ಕೆ 6,014. ನಾಲ್ಕು ಸಲ ಹೋದರೆ 4,760, ಇಲ್ಲಿಗೆ ವಾರದ ವಿನಿಮಯಕ್ಕೆ ಸರಿಸಮ. ಐದು ಸಲಕ್ಕೆ 4,008, ಆಗಲೇ ಲಾಭ. ಹಟ್ಟಿಯಲ್ಲಿ ದನ ಇರುವವರಿಗೆ ವರ್ಷಕ್ಕೆ ಐದು ಸಲ ಮನೆ ಬಿಡುವ ಯೋಗ ಎಲ್ಲಿಂದ ಬರಬೇಕು? ಬಳಸದ ಪಾಯಿಂಟನ್ನು ಮುಂದಿನ ವರ್ಷಕ್ಕೆ ಉಳಿಸಬಹುದು ಎನ್ನುತ್ತಾರೆ, ಹೌದು, ಅದಕ್ಕೂ ಶುಲ್ಕ ಉಂಟು, ಅದಕ್ಕೂ ಅವಧಿ ಉಂಟು. ಮುಂದಿನ ವರ್ಷದ ಪಾಯಿಂಟನ್ನು ಸಾಲ ತರಲೂಬಹುದು, ಆದರೆ ಆ ವರ್ಷದ ಶುಲ್ಕ ಮೊದಲೇ ಕಟ್ಟಿಸಿಕೊಳ್ಳುತ್ತಾರೆ.

ಈ ಲೆಕ್ಕದಲ್ಲಿ ಹಿಡಿಯಲಾಗದ್ದು ಒಂದಿದೆ. ಕರಾರಿನಲ್ಲಿ ವಾರ ಎಂದಿದ್ದರೆ ಹತ್ತು ವರ್ಷ ಕಳೆದರೂ ಏಳು ರಾತ್ರಿಯೇ. ಪಾಯಿಂಟಿನ ಬೆಲೆ ಅವರು ಅಚ್ಚು ಹಾಕಿಸುವ ಚಾರ್ಟಿನಲ್ಲಿದೆ. ಅಡಿಕೆ ಕೊಟ್ಟು ಒಂದೇ ಅಂಗಡಿಯ ಟೋಕನ್ ತೆಗೆದುಕೊಂಡ ಹಾಗೆ, ದರ ಬರೆಯುವವನು ಅಂಗಡಿಯವನೇ. ಮೇ ವಾರಕ್ಕೆ 60,000 ಕೊಟ್ಟು, ಅದೇ ಗಾತ್ರದ ಕೋಣೆಗೆ ಬೇರೆ ಊರಿನಲ್ಲಿ ಮೇ ತಿಂಗಳಿಗೆ 70,000 ಕೇಳುವ ಚಾರ್ಟನ್ನು ಸರಿಯಾಗಿ ಓದಿದರೆ ಇದು ಮೊದಲ ದಿನವೇ ಕಾಣುತ್ತದೆ. ಹಾಗಾಗಿ ಚಾರ್ಟಿನಲ್ಲಿ ನಿಮಗೆ ಹೋಗಲು ಸಾಧ್ಯವಿರುವ ದಿನಗಳ ಸಾಲನ್ನು ಮಾತ್ರ ನೋಡಿ. ಬ್ರೋಶರಿನ ಮುಖಪುಟದಲ್ಲಿರುವ ಸಾಲು ಸಾಮಾನ್ಯವಾಗಿ ನೀಲಿ ಸೀಸನ್ನಿನದ್ದು.

ಪಾಯಿಂಟ್ ಮಾರುವವರು ಹೇಳದೆ ಬಿಡುವ ಇನ್ನೊಂದು ಸಂಗತಿ: ವಾರದ ಪದ್ಧತಿಯೂ ಮೊದಲಿನ ಹಾಗಿಲ್ಲ. ಆರ್‌ಸಿಐ 1974ರಲ್ಲಿ ಶುರುವಾದಾಗ ವಾರಕ್ಕೆ ವಾರ ಎಂಬ ವಿನಿಮಯ ಇತ್ತು, ಪಾಯಿಂಟ್ ಬಂದದ್ದು 2000ದಲ್ಲಿ. 2010ರ ಕೊನೆಗೆ ವಾರದ ಸದಸ್ಯರಿಗೂ ತಮ್ಮ ವಾರದ ಟ್ರೇಡಿಂಗ್ ಪವರ್, ಅಂದರೆ ವಿನಿಮಯದಲ್ಲಿ ಅದಕ್ಕಿರುವ ಬೆಲೆ, ಅಂಕಿಯಾಗಿ ಕಾಣುವಂತಾಯಿತು. ಹೆಚ್ಚು ಪವರ್ ಇರುವ ವಾರ ಡಿಪಾಸಿಟ್ ಮಾಡಿ (ವಿನಿಮಯಕ್ಕೆ ಬಿಟ್ಟುಕೊಟ್ಟು) ಕಡಿಮೆ ಪವರಿನ ವಾರ ತೆಗೆದುಕೊಂಡರೆ ಉಳಿಕೆ ನಿಮ್ಮ ಖಾತೆಯಲ್ಲೇ ಇರುತ್ತದೆ. ಎರಡು ಸಣ್ಣ ಡಿಪಾಸಿಟ್ ಜೋಡಿಸಿ ಒಂದು ದೊಡ್ಡದು ಮಾಡಬಹುದು. ನಮ್ಮ ಮೇ ವಾರ ಕೊಟ್ಟು, ಉಳಿಕೆ ಸಾಕಾದರೆ, ಮಳೆಗಾಲದ ಎರಡು ಪೂರ್ತಿ ವಾರ ತೆಗೆಯಬಹುದು. ಖರ್ಚು 21,240, 4,000, ಎರಡು ವಿನಿಮಯಕ್ಕೆ 18,000, ಹದಿನಾಲ್ಕು ರಾತ್ರಿಗೆ 43,240, ರಾತ್ರಿಗೆ 3,089. ಒಂದೂವರೆ ಲಕ್ಷ ಕೊಡದೆ ಇದು ಸಿಗುತ್ತದೆ. ಪಾಯಿಂಟ್ ಗೆಲ್ಲುವುದು ಎರಡು, ಮೂರು ರಾತ್ರಿಯ ಚಿಕ್ಕ ತಂಗಲಿನಲ್ಲಿ ಮಾತ್ರ. ಅದಕ್ಕೇ ಬದಲಿಸುವ ಮೊದಲು ನಿಮ್ಮ ವಾರದ ಟ್ರೇಡಿಂಗ್ ಪವರ್ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ, ಹೋಗಬೇಕೆಂದಿರುವ ಜಾಗಗಳಿಗೆ ಬೇಕಾದ ಪವರ್ ಪಕ್ಕದಲ್ಲಿ ಬರೆಯಿರಿ. ವಾರ ಶುರುವಾಗುವ ದಿನಕ್ಕೆ ಒಂಬತ್ತು ತಿಂಗಳು ಮುಂಚೆಯೇ ಡಿಪಾಸಿಟ್ ಮಾಡಿದರೆ ಪೂರ್ತಿ ಪವರ್, ತಡವಾದಂತೆ ಇಳಿಯುತ್ತದೆ. ಎರಡು ವರ್ಷ ಮುಂಚೆಯೂ ಮಾಡಬಹುದು.

ಜುಲೈ ವಾರವನ್ನು ಪಾಯಿಂಟ್ ಮಾಡಿಬಿಡೋಣ, ಹೇಗೂ ಬಳಕೆಯಿಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ವಾರ್ಷಿಕ ಶುಲ್ಕ ಕೋಣೆಯ ಗಾತ್ರಕ್ಕೆ ಬೀಳುತ್ತದೆ, ಪಾಯಿಂಟ್ ಸೀಸನ್ನಿಗೆ ಸಿಗುತ್ತದೆ. ಜುಲೈಗೂ 21,240 ಕಟ್ಟಬೇಕು, ಸಿಗುವುದು 25,000 ಪಾಯಿಂಟ್. ಬದಲಾವಣೆ ಶುಲ್ಕ ಬರೀ 50,000 ಎಂದಿಟ್ಟರೂ ವರ್ಷಕ್ಕೆ 6,295, ಸದಸ್ಯತ್ವ ಸೇರಿ ಒಟ್ಟು 32,535. ಒಂದು ಪಾಯಿಂಟಿಗೆ ಒಂದು ರೂಪಾಯಿ ಮೂವತ್ತು ಪೈಸೆ! ಆ ವಾರವನ್ನು ಎರಡು ವರ್ಷ ಡಿಪಾಸಿಟ್ ಮಾಡಿ, ಜೋಡಿಸಿ, ಒಂದು ಒಳ್ಳೆಯ ವಾರ ತೆಗೆಯುವುದೇ ಮೇಲು ಎಂದು ಬಿಟ್ಟೆವು. ಒಂದು ವಾದ ಮಾತ್ರ ಬದಲಿಸುವ ಪರವಾಗಿತ್ತು. ಒಂದು ಪಾಯಿಂಟ್ ಖಾತೆ ಇದ್ದವರು ತಮ್ಮ ಬೇರೆ ವಾರಗಳನ್ನು ಶಾಶ್ವತವಾಗಿ ಬದಲಿಸದೆ, ಬೇಕಾದ ವರ್ಷ ಮಾತ್ರ ಪಾಯಿಂಟ್‌ಗೆ ಡಿಪಾಸಿಟ್ ಮಾಡುವ ಸೌಲಭ್ಯ ಆರ್‌ಸಿಐ ಪಾಯಿಂಟ್ಸ್‌ನಲ್ಲಿದೆ. ನಿಮ್ಮ ರೆಸಾರ್ಟಿಗೆ ಅದು ಅನ್ವಯವಾಗುತ್ತದೆ ಎಂದು ಬರಹದಲ್ಲಿ ಸಿಕ್ಕಿದರೆ, ಅತಿ ಚಿಕ್ಕ ವಾರವೊಂದನ್ನು ಬದಲಿಸಿ ಬಾಗಿಲು ತೆರೆದಿಟ್ಟುಕೊಳ್ಳುವುದು ಜಾಣತನವೇ.

ತಮ್ಮನ ಲೆಕ್ಕ ಬೇರೆಯಾದದ್ದು ರಜೆಯಿಂದ. ದುಬೈ ಶಾಲೆಗಳ ರಜೆ ಜುಲೈ, ಆಗಸ್ಟ್. ಇಲ್ಲಿ ಆಗ ಕಡಿಮೆ ಸೀಸನ್, ಪಾಯಿಂಟ್ ಹಿಗ್ಗುತ್ತದೆ. ಮೇ ವಾರಕ್ಕೆ ಅವರು ಎಂದೂ ಬರಲಾರರು. ಬಂದಾಗ ಎರಡು ಕಡೆಯ ಅಪ್ಪ ಅಮ್ಮನ ಮನೆ, ದೇವಸ್ಥಾನ, ಮದುವೆ ಮಾತುಕತೆ, ಇವುಗಳ ನಡುವೆ ಒಂದೇ ಕಡೆ ಏಳು ರಾತ್ರಿ ಕೂರಲು ಪುರುಸೊತ್ತಿಲ್ಲ. ಮೂರು ರಾತ್ರಿ ವಯನಾಡು, ಮೂರು ರಾತ್ರಿ ಮಡಿಕೇರಿ ಎಂಬಂತೆ ಬೇಕು. ಉಳಿದ ಪಾಯಿಂಟಿನಲ್ಲಿ ಅಕ್ಕಂದಿರು ಹೋಗುತ್ತಾರೆ, ಹಾಗೆ ನಾಲ್ಕೈದು ಬುಕಿಂಗ್ ತುಂಬುತ್ತದೆ. ಸದಸ್ಯನಿಲ್ಲದೆ ಬೇರೆಯವರು ತಂಗಲು ಅತಿಥಿ ಪ್ರಮಾಣಪತ್ರ ಬೇಕು, ಅದಕ್ಕೆ ಪ್ರತ್ಯೇಕ ಶುಲ್ಕ. ಹಾಗೆ ಪಡೆದ ಕೋಣೆಯನ್ನು ಬಾಡಿಗೆಗೆ ಕೊಡುವಂತಿಲ್ಲ, ಸಿಕ್ಕಿಬಿದ್ದರೆ ಖಾತೆಯೇ ಹೋಗಬಹುದು.

ಬುಕಿಂಗ್ ತೆರೆದಿರುವ ಅವಧಿ ತಪ್ಪಿದರೆ ಪಾಯಿಂಟ್ ಇದ್ದೂ ಕೋಣೆ ಇಲ್ಲ. ಆರ್‌ಸಿಐ ಪಾಯಿಂಟ್ಸ್‌ನಲ್ಲಿ ಸ್ವಂತ ವಾರವನ್ನೇ ಬೇಕೆಂದರೆ 13ರಿಂದ 12 ತಿಂಗಳ ಮುಂಚೆ ಕೇಳಬೇಕು, ಸ್ವಂತ ರೆಸಾರ್ಟಿನ ಬೇರೆ ದಿನಗಳಿಗೆ 12ರಿಂದ 11, ಅದೇ ಗುಂಪಿನ ರೆಸಾರ್ಟಿಗೆ 11ರಿಂದ 10, ಆಮೇಲೆ ಎಲ್ಲರಿಗೂ ತೆರೆಯುತ್ತದೆ. ಮೇ ತಿಂಗಳಿಗೆ ಜನವರಿಯಲ್ಲಿ ಹುಡುಕಿದರೆ ಏನೂ ಸಿಗದು. ಕೋಣೆಯ ಮೇಲೆ 4/2 ಎಂದಿದ್ದರೆ ನಾಲ್ಕು ಜನ ಮಲಗಬಹುದು, ಮರೆಯಿರುವುದು ಇಬ್ಬರಿಗೆ ಮಾತ್ರ. ಅತ್ತೆ ಮಾವನನ್ನು ಕರೆದೊಯ್ಯುವವರು ಎರಡನೆಯ ಅಂಕಿ ನೋಡಬೇಕು. ಕೆಲವು ರೆಸಾರ್ಟ್‌ಗಳು ವಿನಿಮಯದಲ್ಲಿ ಬಂದವರನ್ನು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬಿಟ್ಟುಕೊಳ್ಳುತ್ತವೆ. ಅಡುಗೆಮನೆ ಇದೆ ಎಂದು ಬರೆದಿದ್ದರೂ ಒಲೆ ಕೊಡುತ್ತಾರೋ ಕೇಳಿ. ಕುಚ್ಚಲಕ್ಕಿ ಗಂಜಿ ಇಲ್ಲದೆ ಆಗದ ಹಿರಿಯರಿದ್ದರೆ ಊಟದ ಬಿಲ್ಲು ಕೋಣೆಯ ಖರ್ಚನ್ನು ಮೀರಿಸುತ್ತದೆ.

ಊಟಿ, ಕೊಡೈಕೆನಾಲ್‌ನಲ್ಲಿ ವಾರ ಇಟ್ಟುಕೊಂಡವರಿಗೆ ಇ-ಪಾಸ್ (ವಾಹನ ಒಳಬಿಡಲು ಆನ್‌ಲೈನಿನಲ್ಲಿ ತೆಗೆಯುವ ಪರವಾನಗಿ) ಕೂಡ ಲೆಕ್ಕಕ್ಕೆ ಬಂದಿದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಅದು ಜಾರಿಗೆ ಬಂತು. 2025ರ ಬೇಸಿಗೆಯಲ್ಲಿ ಊಟಿಗೆ ದಿನಕ್ಕೆ 6,000 ವಾಹನ, ವಾರಾಂತ್ಯಕ್ಕೆ 8,000. ಕೊಡೈಕೆನಾಲ್‌ಗೆ 4,000 ಮತ್ತು 6,000 ಎಂದು ಮಿತಿ ಹಾಕಿದರು. ವಾರದ ಪ್ರವೇಶ ಶುಕ್ರವಾರ, ಶನಿವಾರ, ಭಾನುವಾರವೇ ಇರುವುದರಿಂದ ಪಾಸನ್ನು ಮುಂಚಿತವಾಗಿ ಮಾಡಿಸಿ. ಮೈಸೂರಿನ ಮೇಲೆ ಹೋಗುವವರು ಬಂಡೀಪುರ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಮುಚ್ಚಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಬದಲಿಸುವುದೆಂದು ಗಟ್ಟಿಯಾದರೆ ಹೋಟೆಲಿನ ಮೀಟಿಂಗಿನಲ್ಲಿ ಸಹಿ ಹಾಕಬೇಡಿ, ಕಾರ್ಡ್ ಕೊಡಬೇಡಿ. ಕರಾರಿನ ಪ್ರತಿ ಈಮೇಲಿಗೆ ತರಿಸಿ ಮನೆಯಲ್ಲಿ ಓದಿ. ಚಾರ್ಟ್ ಬದಲಾದರೆ ಎಷ್ಟು ಮುಂಚೆ ತಿಳಿಸುತ್ತಾರೆ, ಸಹಿ ಹಾಕಿದ ಮೇಲೆ ಎಷ್ಟು ದಿನದೊಳಗೆ ರದ್ದು ಮಾಡಬಹುದು, ಮರಳಿ ವಾರಕ್ಕೆ ಬರಲು ಸಾಧ್ಯವೇ, ಈ ಮೂರಕ್ಕೆ ಬರಹದ ಉತ್ತರ ಬೇಕು. ನಾವು ಕೇಳಿದ ಪ್ರತಿಯಲ್ಲಿ ಮೂರನೆಯದಕ್ಕೆ ಇಲ್ಲ ಎಂದೇ ಇತ್ತು. ನಿಮ್ಮ ವಾರವನ್ನು ಕೊಳ್ಳುವವರಿದ್ದಾರೆ, ಎನ್‌ಒಸಿಗೆ, ಜಿಎಸ್‌ಟಿಗೆ ಮೊದಲು ದುಡ್ಡು ಹಾಕಿ ಎಂದು ಫೋನ್ ಬಂದರೆ ಇಟ್ಟುಬಿಡಿ, ಸರ್ಟಿಫಿಕೇಟ್ ನಂಬರ್ ಸರಿಯಾಗಿ ಹೇಳಿದರೂ ಸರಿ.

ವ್ಯಾಜ್ಯವಾದರೆ ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಕಾಸರಗೋಡಿನಲ್ಲೇ, ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವ್ಯಾಜ್ಯ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ, ಮಾತುಕತೆಯನ್ನೆಲ್ಲ ಈಮೇಲಿನಲ್ಲೇ ನಡೆಸಿ, ಮೂಲ ಸರ್ಟಿಫಿಕೇಟನ್ನು ಯಾವ ಏಜೆಂಟನ ಕೈಗೂ ಕೊಡದೆ ಜೆರಾಕ್ಸ್ ಮಾತ್ರ ಕಳಿಸಿ.