ನೂರು ರಸೀದಿ, ಒಂದು ಪ್ರೋಗ್ರಾಂ: ಪೈಥಾನ್‌ನಿಂದ ಇಮೇಲ್ ಕಳಿಸುವುದು ಹೇಗೆ?

ಸಂಘದ ನೂರು ಸದಸ್ಯರಿಗೆ ತಿಂಗಳು ತಿಂಗಳು ರಸೀದಿ ಕಳಿಸಬೇಕೇ? ಪೈಥಾನ್‌ನಲ್ಲಿ ಹದಿನೈದಿಪ್ಪತ್ತು ಸಾಲು ಬರೆದರೆ ಆಯಿತು. ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಇಮೇಲ್ ಕಳಿಸುವ ಮಾಡ್ಯೂಲ್ ಎಸ್‌ಎಂಟಿಪಿಲಿಬ್ ಪೈಥಾನ್ ಜೊತೆಗೇ ಬರುತ್ತದೆ.

ಮೊದಲು ಪಾಸ್‌ವರ್ಡ್. ಜಿಮೇಲ್‌ಗೆ ನೀವು ದಿನಾ ಲಾಗಿನ್ ಆಗುವ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. ಟು-ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ, ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಇಂಥ ಪ್ರೋಗ್ರಾಂಗಳಿಗೆಂದೇ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಅದನ್ನು ಕೋಡಿನೊಳಗೆ ಬರೆಯದೆ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ, ಅಂದರೆ ಕೋಡಿನ ಹೊರಗೆ ಸಿಸ್ಟಮ್ ನೆನಪಿಟ್ಟುಕೊಳ್ಳುವ ಹೆಸರಿನಲ್ಲಿ, ಇಡಿ.

ಇನ್ನು ಪತ್ರ. ಪೈಥಾನ್‌ನ ಇಮೇಲ್‌ಮೆಸೇಜ್ ಆಬ್ಜೆಕ್ಟ್ ಮಾಡಿ ಫ್ರಮ್, ಟು, ಸಬ್ಜೆಕ್ಟ್ ತುಂಬಿ. ಸಬ್ಜೆಕ್ಟ್ ಕನ್ನಡದಲ್ಲೇ ಇರಲಿ. 1982ರಲ್ಲಿ ಇಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿ ರೂಪುಗೊಂಡಾಗ ಅದಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಗೊತ್ತಿರಲಿಲ್ಲ ನಿಜ. ಈಗ ಆ ಪರಿವರ್ತನೆಯನ್ನೆಲ್ಲ ಪೈಥಾನೇ ನೋಡಿಕೊಳ್ಳುತ್ತದೆ.

ಸರ್ವರ್‌ನ ಯಾವ ಬಾಗಿಲು, ಅಂದರೆ ಪೋರ್ಟ್, ತಟ್ಟಬೇಕು? 25 ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ದಾರಿ, ನಮಗಲ್ಲ. 465ರಲ್ಲಿ ಮೊದಲ ಕ್ಷಣದಿಂದಲೇ ಗೂಢಲಿಪಿ. 587ರಲ್ಲಿ ಸಂಪರ್ಕ ಬಯಲಲ್ಲಿ ಶುರುವಾಗುತ್ತದೆ. ಆದ್ದರಿಂದ ಲಾಗಿನ್‌ಗೂ ಮುಂಚೆ, ಗೂಢಲಿಪಿಗೆ ಬದಲಾಯಿಸುವ ಸ್ಟಾರ್ಟ್‌ಟಿಎಲ್‌ಎಸ್ ಕರೆಯಬೇಕು. ಕರೆಯುವಾಗ ಎಸ್‌ಎಸ್‌ಎಲ್ ಮಾಡ್ಯೂಲಿನ ಡಿಫಾಲ್ಟ್ ಕಾಂಟೆಕ್ಸ್ಟ್ ಕೊಡಿ, ಇಲ್ಲದಿದ್ದರೆ ಸರ್ವರ್‌ನ ಸರ್ಟಿಫಿಕೇಟ್ ಅಸಲಿಯೋ ನಕಲಿಯೋ ಎಂದು ಯಾರೂ ನೋಡುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಮಾದರಿ ಕೋಡುಗಳು ಇದನ್ನು ಬಿಟ್ಟಿರುತ್ತವೆ.

ಈಗ ಡಿಬಗ್ ಲೆವೆಲ್ 1 ಇಟ್ಟು, ನಿಮ್ಮ ವಿಳಾಸಕ್ಕೇ ಒಂದು ಕಳಿಸಿ. ಈ ಹಂತವನ್ನು ಮಾತ್ರ ಹಾರಿಸಬೇಡಿ. ಸರ್ವರ್ ಜೊತೆಗಿನ ಇಡೀ ಸಂಭಾಷಣೆ ಪರದೆಯ ಮೇಲೆ ಕಾಣುತ್ತದೆ. ಸರ್ವರ್ ಅಂಕಿಗಳಲ್ಲಿ ಉತ್ತರಿಸುತ್ತದೆ: ಲಾಗಿನ್ ಒಪ್ಪಿಗೆಗೆ 235, ಕಳಿಸುವವರ ಮತ್ತು ಪಡೆಯುವವರ ವಿಳಾಸ ಹೇಳಿದಾಗ 250, 'ಇನ್ನು ಪತ್ರ ಕಳಿಸು' ಎನ್ನಲು 354. ಕೊನೆಗೆ ಒಂಟಿ ಚುಕ್ಕಿಯ ಸಾಲೊಂದು ಹೋದರೆ ಪತ್ರ ಮುಗಿಯಿತು. ಗಮನಿಸಿ, ವಿಳಾಸ ಎರಡು ಕಡೆ ಇದೆ. ಸರ್ವರ್ ನಂಬುವುದು ಲಕೋಟೆಯ ಮೇಲಿನದ್ದನ್ನು, ಅಂದರೆ ಸಂಭಾಷಣೆಯಲ್ಲಿ ಹೇಳಿದ್ದನ್ನು. ಪತ್ರದೊಳಗಿನ 'ಟು' ಓದುವವರಿಗಷ್ಟೇ. ಬಿಸಿಸಿ ಗುಟ್ಟಾಗಿ ಉಳಿಯುವುದು ಹೀಗೆಯೇ. ಸದಸ್ಯರೆಲ್ಲರ ವಿಳಾಸವನ್ನೂ ಒಂದೇ 'ಟು'ವಿನಲ್ಲಿ ಪೇರಿಸಿದಿರೋ, ಎಲ್ಲರ ವಿಳಾಸ ಎಲ್ಲರಿಗೂ ಗೊತ್ತಾಯಿತೆಂದೇ ಲೆಕ್ಕ. ಒಬ್ಬರಿಗೊಂದು ಪತ್ರ ಮಾಡಿ, ಆದರೆ ಲಾಗಿನ್ ಒಂದೇ ಸಾಕು.

ತಪ್ಪಾದರೆ ಸರ್ವರ್ ಕೊಟ್ಟ ಉತ್ತರದ ಮೊದಲ ಅಂಕಿ ನೋಡಿ. 4ರಿಂದ ಶುರುವಾದರೆ ತಾತ್ಕಾಲಿಕ ತೊಂದರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಬಹುದು. 5 ಎಂದರೆ ಖಡಾಖಂಡಿತ ನಿರಾಕರಣೆ. 535 ಬಂದರೆ ಪಾಸ್‌ವರ್ಡ್ ಪರೀಕ್ಷಿಸಿ. 550 ಬಂದರೆ ಹೆಚ್ಚಾಗಿ ಆ ವಿಳಾಸವೇ ಇಲ್ಲ. ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ 500 ಪತ್ರಗಳ ಮಿತಿಯೂ ಇದೆ. ಸ್ವಂತ ಡೊಮೈನ್ ಇದ್ದವರು, ಪತ್ರ ನಿಜಕ್ಕೂ ತಮ್ಮದೇ ಎಂದು ಸಾರುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಹಾಕಿಸಿಕೊಳ್ಳದಿದ್ದರೆ ರಸೀದಿ ಸ್ಪ್ಯಾಮ್ ಪೆಟ್ಟಿಗೆ ಸೇರೀತು.

ಒಂಟಿ ಚುಕ್ಕಿಗೆ ಉತ್ತರವಾಗಿ ಕೊನೆಯ 250 ಬಂದ ಮಾತ್ರಕ್ಕೆ ಪತ್ರ ತಲುಪಿತೆಂದಲ್ಲ. ನಿಮ್ಮ ಸರ್ವರ್ ಅದನ್ನು ಸಾಗಿಸಲು ಒಪ್ಪಿಕೊಂಡಿದೆ, ಅಷ್ಟೆ. ಮುಂದೆ ಎಲ್ಲಾದರೂ ತಡೆದರೆ ಮೇಲರ್-ಡೀಮನ್ ಹೆಸರಿನಲ್ಲಿ ವಾಪಸು ಪತ್ರ ಬರುತ್ತದೆ. ಪ್ರೋಗ್ರಾಂ ಓಡಿಸಿದ ಮರುದಿನ ಇನ್‌ಬಾಕ್ಸ್ ನೋಡಿ, ಅಂಥ ವಿಳಾಸಗಳನ್ನು ಪಟ್ಟಿಯಿಂದ ತೆಗೆದು, ಆ ಸದಸ್ಯರಿಗೆ ಒಂದು ಫೋನ್ ಮಾಡಿ.