ಅಂಟು ಆಲ್ಬಮ್‌ನಿಂದ ಅಪೊಲೊ ಕಾರ್ಡುಗಳನ್ನು ಬಿಡಿಸಿದ ನನ್ನ ಅನುಭವ

ಅಂಟು ಹಾಳೆಯ ಹಳೇ ಆಲ್ಬಮ್‌ಗೆ ಕಚ್ಚಿಕೊಂಡ ಪೋಸ್ಟ್‌ಕಾರ್ಡು ಹಿಂಬದಿ ಹರಿಯದೆ ಬರುವುದಿಲ್ಲ, ಹಾಳೆ ಸಮೇತ ಕತ್ತರಿಸಿಟ್ಟುಕೊಳ್ಳಿ ಎಂದೇ ಎಲ್ಲರೂ ಹೇಳುತ್ತಿದ್ದರು. ನಾನು ಅಮೆರಿಕದ ಅಪೊಲೊ ಚಂದ್ರಯಾನದ ಕಾರ್ಡುಗಳನ್ನೇ ನಲವತ್ತರ ಹತ್ತಿರ ಬಿಡಿಸಿದ್ದೇನೆ. ಕೆಟ್ಟದ್ದು ಮೂರು, ಅವೂ ಮೊದಮೊದಲಿನವು.

ಹಿಂಬದಿಗೆ ಇಷ್ಟು ಒದ್ದಾಡುವುದು ಯಾಕೆಂದರೆ ಕಾರ್ಡಿನ ಜಾತಕ ಇರುವುದೇ ಅಲ್ಲಿ. ‘ಕೇಪ್ ಕೆನಡಿ’ ಎಂದು ಅಚ್ಚಾಗಿದ್ದರೆ 1963ರ ನವೆಂಬರಿಗಿಂತ ಹಿಂದಿನದಲ್ಲ, ರಾಕೆಟ್ ಹಾರಿಸುವ ಕೇಪ್ ಕೆನವೆರಲ್‌ಗೆ ಆ ಹೆಸರಿಟ್ಟದ್ದೇ ಆಗ. ಚಂದ್ರನ ಮೇಲೆ ಕಾಲಿಟ್ಟ ಚಿತ್ರದ 10 ಸೆಂಟ್ ಸ್ಟ್ಯಾಂಪ್ ಬಿಡುಗಡೆಯಾದದ್ದು 1969ರ ಸೆಪ್ಟೆಂಬರ್ 9ರಂದು. ಅದರ ಮೇಲೆ ಜುಲೈ ತಿಂಗಳ ಮಾಮೂಲಿ ಊರಿನ ಸೀಲು ಕಂಡರೆ ಕೊಳ್ಳಬೇಡಿ. ಸ್ಟ್ಯಾಂಪ್ ಬಿಡುಗಡೆಗೆಂದೇ ಮಾಡಿದ ಮೊದಲ ದಿನದ ಲಕೋಟೆಗಳ ಮೇಲೆ, ಚಂದ್ರನ ಮೇಲಿಳಿದ ದಿನದ ನೆನಪಿಗೆ ಒತ್ತಿದ ‘ಜುಲೈ 20’ ವಿಶೇಷ ಸೀಲಿನ ಮಾತು ಬೇರೆ.

ಮೊದಲು ಹೇರ್ ಡ್ರೈಯರ್ ಹಿಡಿದೆ. ಅಂಟು ಕರಗಿ ಕಾರ್ಡಿನ ನಾರಿಗೇ ಇಳಿದು ಎಣ್ಣೆ ಕಲೆಯಾಯಿತು. ಅಸಿಟೋನ್ ಬಾಲ್‌ಪೆನ್ ಬರಹವನ್ನು ಹರಡಿಸಿತು. ಎರಡು ಸಾವಿರ ರೂಪಾಯಿಯಷ್ಟು ಅಲ್ಲೇ ಹೋಯಿತು.

ಕೊನೆಗೆ ಕೈಹಿಡಿದದ್ದು ಫ್ರೀಜರ್. ಹಾಳೆಯನ್ನು ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಇಡಬೇಕು. ಎಷ್ಟು ಹೊತ್ತು ಎಂಬುದನ್ನು ಅಂಟಿನ ಬಣ್ಣ ನೋಡಿ ತೀರ್ಮಾನಿಸುತ್ತೇನೆ. ಆ ಲೆಕ್ಕ ನನ್ನಲ್ಲೇ ಇರಲಿ. ಹೊರತೆಗೆದ ಒಂದೆರಡು ನಿಮಿಷದೊಳಗೆ, ಮೇಣವಿಲ್ಲದ ಡೆಂಟಲ್ ಫ್ಲಾಸನ್ನು ಮೂಲೆಯಿಂದ ತೂರಿಸಿ ಗರಗಸದ ಹಾಗೆ ಎಳೆಯುತ್ತ ಬನ್ನಿ. ದಾರ ಸದಾ ಆಲ್ಬಮ್ಮಿನ ರಟ್ಟಿನ ಕಡೆಗೇ ವಾಲಿರಬೇಕು. ನಾರು ಕಿತ್ತರೆ ರಟ್ಟಿನದೇ ಕೀಳಲಿ. ದಾರ ಸಿಕ್ಕಿಕೊಂಡಂತಾದರೆ ಅಂಟು ಮತ್ತೆ ಮೆತ್ತಗಾಗಿದೆ ಎಂದರ್ಥ. ಎಳೆದಾಡದೆ ವಾಪಸ್ ಫ್ರೀಜರಿಗಿಡಿ. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ, ಕಾರ್ಡಿನ ಮೇಲೆ ತಕ್ಷಣ ಹನಿಗಟ್ಟುತ್ತದೆ. ಬೆಂಗಳೂರಿನ ಜನವರಿ–ಫೆಬ್ರವರಿ ಇದಕ್ಕೆ ಹೇಳಿ ಮಾಡಿಸಿದ ಕಾಲ.

ಉಳಿದ ಅಂಟನ್ನು ಕ್ರೇಪ್ ರಬ್ಬರಿನಿಂದ (ಅಂಟನ್ನು ಎತ್ತಿಕೊಳ್ಳುವ ಕಚ್ಚಾ ರಬ್ಬರಿನ ತುಂಡು) ಒತ್ತಿ ಉರುಳಿಸಿ ತೆಗೆಯಿರಿ, ಉಜ್ಜಬೇಡಿ. ಆಮೇಲೆ ಬ್ಲಾಟಿಂಗ್ ಪೇಪರಿನ ನಡುವೆ ಒಂದು ವಾರ ಭಾರ ಹೇರಿಡಿ. ಫ್ಲಾಸ್, ರಬ್ಬರ್ ಎಲ್ಲ ಸೇರಿ ಎಂಟುನೂರು ದಾಟಲಿಲ್ಲ. ಆಲ್ಬಮ್ಮಿಗೆ ಸಾಗಣೆ ಸೇರಿ ಒಂಬತ್ತು ಸಾವಿರದಷ್ಟು ಬಿದ್ದಿತ್ತು. ಕೆನಡಿ ಸ್ಪೇಸ್ ಸೆಂಟರಿನ 1969ರ ಜುಲೈ 16ರ ಸೀಲು, ಅಂದರೆ ಅಪೊಲೊ 11 ಹಾರಿದ ದಿನದ್ದು, ಒಂದು ಕೂದಲೂ ಕೀಳದೆ ಬಂತು. ಅದೊಂದಕ್ಕೇ ಹಾಕಿದ ದುಡ್ಡೆಲ್ಲ ಸಾರ್ಥಕ.

ಗೆರೆಗೆರೆ ಪ್ಲಾಸ್ಟಿಕ್ಕಿನ ತ್ರೀಡಿ ಕಾರ್ಡಿಗೆ ಮಾತ್ರ ಈ ದಾರಿ ಹಿಡಿಯಬೇಡಿ. ತಣ್ಣಗಾದ ಪ್ಲಾಸ್ಟಿಕ್ ಒಂದು ಕಡೆ, ಕಾಗದ ಇನ್ನೊಂದು ಕಡೆ ಎಳೆದು ನನ್ನದೊಂದು ದೋಣಿಯಂತೆ ಬಾಗಿತು. ಈಗ ಅಂಥವನ್ನು ರಟ್ಟಿನೊಂದಿಗೇ ಕತ್ತರಿಸಿ, ಬೋರಲು ಹಾಕಿ, ಸರ್ಜಿಕಲ್ ಬ್ಲೇಡಿನಿಂದ ರಟ್ಟನ್ನು ಪದರ ಪದರವಾಗಿ ಕೆತ್ತುತ್ತೇನೆ. ಒಂದಕ್ಕೆ ಸುಮಾರು ಮೂರು ಗಂಟೆ ಹಿಡಿಯುತ್ತದೆ.