ಡಾಕ್ಟರ್ ಹೋದ ಮ್ಯಾಲ ಕುದರಿ ಹೆಂಗ ನೋಡ್ಕೋಬೇಕು

ವಿಜಯಪುರದಾಗ ಟಾಂಗಾ ಹೊಡಿಯೋರ ಮನ್ಯಾಗ ಹುಟ್ಟಿದಾವ ನಾ. ಈಗ ಟಾಂಗಾ ಕಡಿಮಿ ಆಗ್ಯಾವ ಖರೆ, ಆದ್ರ ನಮ್ಮಲ್ಲಿ ಇನ್ನೂ ಒಂದು ಕುದರಿ ಅದ, ಬಿಜಲಿ ಅಂತ. ಹ್ವಾದ ಬ್ಯಾಸಗ್ಯಾಗ ಅದಕ್ಕ ಹೊಟ್ಟಿಶೂಲಿ ಹಿಡೀತು. ಡಾಕ್ಟರ್ ಬಂದ್ರು, ಇಂಜೆಕ್ಷನ್ ಮಾಡಿದ್ರು, ಮೂಗಿನಾಗಿಂದ ಪೈಪ್ ಇಳಿಸಿ ಔಷಧ ಬಿಟ್ರು, ಎರಡು ತಾಸಿಗೆ ಎದ್ದು ನಿಂತಿತು, ನಾವು ಮುಗೀತು ಬಿಡು ಅಂದ್ಕೊಂಡ್ವಿ. ಮೂರನೇ ದಿನ ನಾನೇ, ಪಾಪ ಸೊರಗ್ಯಾದ ಅಂತ, ಒಂದು ತೋಬರಾ (ಕುದರಿ ಬಾಯಿಗೆ ಕಟ್ಟೋ ಮೇವಿನ ಚೀಲ) ತುಂಬ ಹುರಳಿ ಹಾಕಿದೆ. ಅವತ್ತ ರಾತ್ರಿ ಮತ್ತ ನೆಲಕ್ಕ ಬಿದ್ದು ಒದ್ದಾಡ್ತು. ಅಪ್ಪ ಬೈದದ್ದು ಇಲ್ಲಿ ಬರಿಯಾಂಗಿಲ್ಲ. ಹಂಗಾಗಿ ಡಾಕ್ಟರ್ ಹೋದ ಮ್ಯಾಲಿನ ಹತ್ತು ದಿನ ಮನ್ಯಾಗ ಏನ್ ಮಾಡಬೇಕು ಅನ್ನೋದು ಬರ್ಯಾಕತ್ತೀನಿ.

ಮೊದಲ ಒಂದು ಮಾತು, ಡಾಕ್ಟರ್ ಬರೂತನಕ ಏನೂ ಕುಡಿಸಬ್ಯಾಡ್ರಿ. ಮುಂಗಾಲಿಲೆ ನೆಲ ಕೆರಿಯೋದು, ತಿರುಗಿ ತಿರುಗಿ ತನ್ನ ಹೊಟ್ಟಿ ನೋಡೋದು, ಹೊರಳಾಡೋದು, ಸುಮ್ನ ನಿಂತಲ್ಲೇ ಬೆವರೋದು, ಇದು ಕಂಡ್ರ ದನಕರುಗಳ ಸಹಾಯವಾಣಿ 1962ಕ್ಕ ಫೋನ್ ಹಚ್ರಿ ಇಲ್ಲಾ ದವಾಖಾನಿಗೆ ಓಡ್ರಿ. ನಮ್ಮ ಕಡೆ ಹಿರ್ಯಾರು ಎತ್ತಿಗೆ ಹಾಕಿದಂಗ ಗೊಟ್ಟದಾಗ (ಔಷಧ ಕುಡಿಸೋ ಬಿದಿರಿನ ನಳಿಗ್ಯಾಗ) ಎಣ್ಣಿ, ಇಂಗು, ಅಜವಾನ ನೀರು ಹಾಕಿ ಗಂಟಲಕ್ಕ ಸುರುವತಾರ. ಎತ್ತಿನ ಲೆಕ್ಕ ಬ್ಯಾರೆ. ಕುದರಿಗೆ ಅದು ಶ್ವಾಸಕ್ಕ ಹೊಕ್ತಂದ್ರ ನ್ಯುಮೋನಿಯಾ ಆಗ್ತದ, ಶೂಲಿಯಿಂದ ಉಳಿದದ್ದು ಅದರಿಂದ ಸಾಯ್ತದ. ಮತ್ತ ಕುದರಿಗೆ ವಾಂತಿ ಮಾಡಾಕ ಬರೂದಿಲ್ಲ, ಒಳಗ ಗ್ಯಾಸು ನೀರು ತುಂಬಿದ್ರ ಹೊಟ್ಟಿನೇ ಒಡಿಬಹುದು, ಅದಕ್ಕೇ ಡಾಕ್ಟರ್ರು ಮೂಗಿನಾಗ ಪೈಪ್ ಹಾಕೋದು. ಮನ್ಯಾಗ ಉಳಿದ ನೋವಿನ ಇಂಜೆಕ್ಷನ್ ನೀವ ಚುಚ್ಚಬ್ಯಾಡ್ರಿ, ನೋವು ಮುಚ್ಚಿ ಹೋಗ್ತದ, ಒಳಗ ಕರಳು ತಿರಿವಿದ್ರೂ ಗೊತ್ತಾಗೂದಿಲ್ಲ.

ಈಗ ಮನಿ ಕೆಲಸ. ಒಂದು ನೋಟ್‌ಬುಕ್ ಇಡ್ರಿ, ನಾ ಮಗಳ ಹಳೇ ಗಣಿತದ ನೋಟ್‌ಬುಕ್ ಇಟ್ಕೊಂಡಿದ್ದೆ. ಮುಂಜಾನೆ ಸಂಜಿ ಜ್ವರ ನೋಡಿ ಬರಿಬೇಕು. ಥರ್ಮಾಮೀಟರ್ ಗುದದಾಗ ಇಡೋದು, ಅದಕ್ಕ ದಾರ ಕಟ್ಟಿ ಬಾಲಕ್ಕ ಕ್ಲಿಪ್ ಹಾಕ್ರಿ, ಇಲ್ಲಂದ್ರ ಒಳಗ ಹೋಗ್ತದ, ನಗಬ್ಯಾಡ್ರಿ, ಆಗ್ಯಾದ. ಹಿಂದ ನೆಟ್ಟಗ ನಿಲ್ಲದ ಬಾಜೂಕ ನಿಂತು ಹಾಕ್ರಿ. 99.5ರಿಂದ 101.3 ಫ್ಯಾರನ್‌ಹೀಟ್ ತನಕ ಬರೋಬ್ಬರಿ. ನಾಡಿ ದವಡಿ ಎಲುಬಿನ ಕೆಳಗ ಬೆರಳಿಗೆ ಹತ್ತತದ, 15 ಸೆಕೆಂಡ್ ಎಣಿಸಿ ನಾಕರಿಂದ ಗುಣಿಸ್ರಿ. ಸುಮ್ನ ನಿಂತ ದೊಡ್ಡ ಕುದರಿಗೆ ನಿಮಿಷಕ್ಕ 28ರಿಂದ 44 ಇರ್ತದ, 60 ದಾಟಿದ್ರ ಮುಂಜಾನೆ ನೋಡೂಣು ಅನ್ನಬ್ಯಾಡ್ರಿ, ಆಗಿಂದಾಗ ಫೋನ್ ಹಚ್ರಿ. ತುಟಿ ಎತ್ತಿ ಒಸಡು ಒತ್ರಿ, ಬೆಳ್ಳಗಾಗಿ ಎರಡು ಸೆಕೆಂಡಿನಾಗ ಮತ್ತ ಗುಲಾಬಿ ಆಗಬೇಕು, ಇಟ್ಟಂಗಿ ಬಣ್ಣ ಇಲ್ಲಾ ನೀಲಿ ಕಂಡ್ರ ಸುದ್ದಿ ಛಲೋ ಇಲ್ಲ. ಹೊಟ್ಟಿ ಎರಡೂ ಬಾಜೂಕ ಕಿವಿ ಹಚ್ಚಿದ್ರ ಗುಡುಗುಡು ಕೇಳಬೇಕು. ಎರಡೂ ಕಡೆ ಏನೂ ಸಪ್ಪಳ ಇಲ್ಲಂದ್ರ ಕರಳು ನಿಂತದ ಅಂತ.

ಆದ್ರ ಇವೆಲ್ಲಕ್ಕಿಂತ ನಾ ನಂಬೋದು ಲದ್ದಿ. ಎಷ್ಟು ಸಲ ಹಾಕ್ತು, ಗುಂಡಗ ಅದನೋ ಸಗಣಿಯಂಗ ಅದನೋ, ಮ್ಯಾಲ ಬಿಳಿ ಸಿಂಬಳದಂಗ ಮೆತ್ಯಾದನೋ, ಎಲ್ಲಾ ಬರಿಬೇಕು. ಆರಾಮ ಇರೋ ಕುದರಿ ದಿನಕ್ಕ ಎಂಟು ಹತ್ತು ಸಲ ಹಾಕ್ತದ, ಉಂಡಿ ನೆಲಕ್ಕ ಬಿದ್ದಕೂಡ್ಲೆ ಒಡಿತಾವ. ಒಡಿಲಾರದ ಕಲ್ಲಿನಂಗ ಉಳ್ಳಿದ್ರ ನೀರು ಕಡಿಮಿ ಆಗ್ಯಾದ ಅಂತ ಅರ್ಥ. ಬಿಜಲಿದು ಶೂಲಿ ಬರೂಕಿಂತ ಎರಡು ದಿನ ಮೊದಲ ಹಂಗೇ ಆಗಿತ್ತು, ದಿನಾ ಲಾಯ ಕಸ ಹೊಡಿಯೋ ನಮ್ಮವ್ವ ಹೇಳಿದ್ದಳು, ನಾ ಕಿವಿಗೆ ಹಾಕ್ಕೊಳ್ಳಲಿಲ್ಲ.

ಮೇವು ಡಾಕ್ಟರ್ ಹೂಂ ಅಂದ ಮ್ಯಾಲೇ ಹಾಕಬೇಕು, ಸಾಮಾನ್ಯ ಲದ್ದಿ ಬಂದ ಮ್ಯಾಲ ಹೇಳ್ತಾರ. ಮೊದಲ ಒಂದು ಹಿಡಿ ಕರಕಿ ಹುಲ್ಲು ಇಲ್ಲಾ ನೀರಾಗ ತೊಯಿಸಿದ ಒಣಹುಲ್ಲು, ಎರಡು ಮೂರು ತಾಸಿಗೊಮ್ಮೆ. ಎರಡು ದಿನ ಅಷ್ಟೇ. ಆಮ್ಯಾಲ ಹುಲ್ಲು ಹೆಚ್ಚು ಮಾಡಕೋತ ಹೋಗ್ರಿ. ಹುರಳಿ, ಕಡ್ಲಿ, ಬೂಸಾ ಒಂದು ವಾರ ಕಣ್ಣಿಗೂ ತೋರಿಸಬ್ಯಾಡ್ರಿ. ಕುದರಿ ಮಸಾಲಿ (ಲೂಸರ್ನ್) ಸೊಪ್ಪು ಹೆಸರಿಗೆ ಕುದರಿದೇ, ಆದ್ರ ಬ್ಯಾನಿ ಹೊಟ್ಟಿಗೆ ಹಸಿ ಸೊಪ್ಪು ಒಮ್ಮೆಲೆ ಹಾಕಿದ್ರ ಉಬ್ಬರಿಸ್ತದ. ಹಸಿ ಜೋಳದ ಮೇವು ಆರಾಮ ಇದ್ದಾಗ್ಲೂ ದಿನಾ ಬ್ಯಾಡ, ಕುದರಿ ಉಚ್ಚಿ ಚೀಲ ಕೆಟ್ಟು ಹಿಂಗಾಲು ತೂರಾಡ್ತಾವ. ಕೋಳಿ ಫೀಡ್ ಅಂತೂ ಮುಟ್ಟಸಬ್ಯಾಡ್ರಿ, ಅದರಾಗ ಮೊನೆನ್ಸಿನ್ ಅನ್ನೋ ಔಷಧ ಇರಬಹುದು, ಕೋಳಿಗೆ ನಡಿತದ, ಕುದರಿ ಎದಿ ಗುಂಡಿಗಿನೇ ಹಿಡಿತದ.

ನೀರು ಯಾವಾಗ್ಲೂ ಮುಂದ ಇರ್ಲಿ, ಬಕೀಟಿನಾಗ, ಹೌದಿನಾಗ ಬ್ಯಾಡ, ಯಾಕಂದ್ರ ಬಕೀಟಾದ್ರ ಎಷ್ಟು ಕುಡೀತು ಲೆಕ್ಕ ಸಿಗ್ತದ. ದಿನಕ್ಕ 25ರಿಂದ 40 ಲೀಟರ್, ನಮ್ಮ ಏಪ್ರಿಲ್ ಬಿಸಲಾಗ ಇನ್ನೂ ಹೆಚ್ಚು. ಕುಡಿಯಾಕ ಒಲ್ಲೆ ಅಂದ್ರ ಎರಡನೇ ಬಕೀಟಿನಾಗ ಚೂರು ಬೆಲ್ಲ ಉಪ್ಪು ಕರಗಿಸಿ ಇಡ್ರಿ, ಆದ್ರ ಸಪ್ಪನ ನೀರು ಬಾಜೂಕ ಇರಲೇಬೇಕು.

ಅಡ್ಡಾಡಸೋದು ಹಗ್ಗ ಹಿಡಿದು ಹತ್ತು ನಿಮಿಷ, ದಿನಕ್ಕ ಮೂರು ನಾಕು ಸಲ. ರಾತ್ರಿಪೂರ್ತಿ ಸುತ್ತಸಬೇಕು ಅಂತಾರಲ್ಲ, ಅದು ಬ್ಯಾಡ, ದಣಿದು ಬೀಳ್ತದ. ಸುಮ್ನ ಮಲಗಿದ್ರ ಮಲಕೊಳ್ಳಾಕ ಬಿಡ್ರಿ.

ಇನ್ನ ಗೊರಸು. ಹೊಟ್ಟಿ ಕೆಟ್ಟ ಮ್ಯಾಲ ಒಂದೆರಡು ದಿನಕ್ಕ ಗೊರಸಿನ ಒಳಗ ಉರಿ ಬರಬಹುದು, ಲ್ಯಾಮಿನೈಟಿಸ್ ಅಂತಾರ. ಗೊರಸು ಕೈಗೆ ಬಿಸಿ ಹತ್ತತದ, ಕುದರಿ ಕಾಲು ಬದಲಾಸ್ಕೋತ ಹಿಂದಕ್ಕ ಜೋಲಿ ಹಾಕಿ ನಿಲ್ತದ. ಕಂಡ್ರ ನಡಸಬ್ಯಾಡ್ರಿ, ತಣ್ಣೀರಾಗ ಇಲ್ಲಾ ಬರ್ಫ ಹಾಕಿದ ನೀರಾಗ ಕಾಲು ನಿಂದರಿಸಿ ಡಾಕ್ಟರಿಗೆ ಹೇಳ್ರಿ. ನಾಲ ಬಡಿಯೋ ನಾಲಬಂದನ್ನ ನಂತರ ಕರೀರಿ, ಮೊದಲ ಅಲ್ಲ.

ಜ್ವರ ಬಂದು ಹೋಗಿ ಮಾಡಿ ಕಾಲು, ಹೊಟ್ಟಿ ಕೆಳಗ ಬಾವು ಬಂದ್ರ ಅದು ಶೂಲಿ ಅಲ್ಲ, ನೊಣದಿಂದ ಬರೋ ಸರ್ರಾ ಅನ್ನೋ ರೋಗ ಇರಬಹುದು, ರಕ್ತ ಪರೀಕ್ಷಾ ಮಾಡಸ್ರಿ. ಮೂಗಿನಾಗ ದಪ್ಪ ಕೀವು, ಮೈಮ್ಯಾಲ ಗಂಟು ಕಂಡ್ರ ಬ್ಯಾರೆ ಕುದರಿಗಳಿಂದ ದೂರ ಕಟ್ಟಿ, ಮಕ್ಕಳನ್ನ ಹತ್ರ ಬಿಡದ ಸರ್ಕಾರಿ ಪಶು ಆಸ್ಪತ್ರಿಗೆ ತಿಳಸ್ರಿ, ಗ್ಲ್ಯಾಂಡರ್ಸ್ ಅನ್ನೋ ಅಂಟುರೋಗ ಇದ್ರ ಮನುಷ್ಯಾರಿಗೂ ಹತ್ತತದ.

ಟಾಂಗಾಕ್ಕ ಯಾವಾಗ ಕಟ್ಟಬೇಕು ಅಂದ್ರ, ಲದ್ದಿ, ಜ್ವರ, ನೀರು ಎಲ್ಲಾ ನೋಟ್‌ಬುಕ್ಕಿನಾಗ ಒಂದು ವಾರ ಬರೋಬ್ಬರಿ ಇದ್ದು ಡಾಕ್ಟರ್ ಹೂಂ ಅಂದ ಮ್ಯಾಲ. ನಾವು ಬಿಜಲಿನ್ನ ಮೊದಲ ದಿನ ಖಾಲಿ ಟಾಂಗಾಕ್ಕ ಕಟ್ಟಿ, ಬಿಸಲು ಏರೂಕಿಂತ ಮೊದಲ ಗೋಳಗುಮ್ಮಟದ ತನಕ ಹೋಗಿ ಹೊಳ್ಳಿ ಬಂದ್ವಿ. ಪ್ಯಾಸೆಂಜರ್ ಕೈ ಮಾಡಿದ್ರು, ಇವತ್ತ ಇಲ್ರಿ ಅಂದೆ. ಮನಿಗೆ ಬಂದ ಅರ್ಧಾ ತಾಸಿಗೆ ಲದ್ದಿ ಹಾಕ್ತು, ಉಂಡಿ ಛಂದ ಒಡದಿದ್ವು.